ಆಯಿ ಹತ್ತಿರ ಹೋಗಲು ಮಗಳು ‘ಒಲ್ಲೆ’ ಅಂತಾಳೆ

ಪ್ರಶ್ನೆ: ನಾನು ಆಳಂದ ತಾಲ್ಲೂಕಿನವನು. ಹತ್ತು ವರ್ಷದಿಂದ ಪುಣೆಯಲ್ಲಿ ಕೆಲಸ. ಹೆಂಡತಿಯ ತವರು ಸೊಲ್ಲಾಪುರ. ಒಬ್ಬಳೇ ಮಗಳು, ಏಳು ವರ್ಷ. ಅಪ್ಪ ಎರಡು ವರ್ಷದ ಹಿಂದೆ ತೀರಿಕೊಂಡರು. ಊರಲ್ಲಿ ಅವ್ವ ಒಬ್ಬಳೇ, 68 ವರ್ಷ. ಮಗಳಿಗೆ ಅವಳು ಆಯಿ, ಅಂದರೆ ಅಜ್ಜಿ. ನಾವು ವರ್ಷಕ್ಕೆ ಎರಡು ಸಲ ಮೂರು ಮೂರು ದಿನ ಹೋಗಿ ಬರುತ್ತೇವೆ. ಈ ಸಲ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅವ್ವ ಮಗಳನ್ನು ಎಳೆದು ತೊಡೆ ಮೇಲೆ ಕೂರಿಸಿಕೊಂಡು ಮುದ್ದು ಕೊಟ್ಟಳು. ಮಗಳು ಕೊಸರಿಕೊಂಡು, ವಾಸನೆ ಬರುತ್ತೆ ಅಂತ ಹಿಂದಿಯಲ್ಲಿ ಕೂಗಿ ಅಳುತ್ತಾ ಓಡಿದಳು. ಬೀಗರೆಲ್ಲ ಇದ್ದರು. ಅವ್ವ ಕೈಯಲ್ಲಿದ್ದ ಸಜ್ಜಿ ರೊಟ್ಟಿ ಹಾಗೇ ಕೆಳಗಿಟ್ಟಳು. ‘ನಾ ಅಕೀಗಿ ಬ್ಯಾಡಾಗೀನಿ, ಬಿಡಪಾ’ ಅಂದಳು. ಸೊಲ್ಲಾಪುರದ ಅಜ್ಜಿ ಕಂಡರೆ ಮಗಳು ಓಡಿ ಹೋಗಿ ಅಪ್ಪಿಕೊಳ್ಳುತ್ತಾಳೆ, ಅಲ್ಲಿಗೆ ತಿಂಗಳಿಗೊಮ್ಮೆ ಹೋಗುತ್ತೇವೆ. ಇದಕ್ಕೆ ನನ್ನ ಹೆಂಡತಿಯೇ ಕಾರಣ ಅಂತ ಮನೆಯಲ್ಲಿ ಜಗಳವೂ ಆಯಿತು. ಫೋನಲ್ಲಿ ಮಾತಾಡಿಸಿದರೆ ಅವ್ವ ಹ್ಞೂಂ ಹ್ಞೂಂ ಅಂತಾಳೆ ಅಷ್ಟೆ, ಮಗಳು ಎದ್ದು ಹೋಗುತ್ತಾಳೆ. ಅವ್ವನ ಟಿವಿ ಅಂತೂ ಓಣಿಗೆಲ್ಲ ಕೇಳುವಷ್ಟು ಜೋರು, ಅದೂ ಮಗಳಿಗೆ ಆಗುವುದಿಲ್ಲ. ಓದದಿದ್ದರೆ ಆಯಿ ಹತ್ತಿರ ಹಳ್ಳಿಗೆ ಬಿಟ್ಟು ಬರ್ತೀನಿ ಅಂತ ಹೆದರಿಸಿಯೂ ನೋಡಿದೆ. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಊರಲ್ಲಿ ಬಿಡಲೇ? ಇಲ್ಲಾ ಅವ್ವನನ್ನೇ ಪುಣೆಗೆ ಕರೆತರಲೇ?

ಉತ್ತರ: ನಿಮ್ಮ ಪತ್ರದಲ್ಲಿ ದೊಡ್ಡ ವಿಷಯ ಅಂತ ಬರೆದದ್ದು ಮಗಳ ಅಳು. ನಾನು ಎರಡು ಸಲ ಓದಿ ಅಡಿಗೆರೆ ಎಳೆದದ್ದು ಬೇರೆ ಎರಡು ಸಾಲಿಗೆ. ಒಂದು ಟಿವಿಯ ಜೋರು, ಇನ್ನೊಂದು ಹಳ್ಳಿಗೆ ಬಿಟ್ಟು ಬರ್ತೀನಿ ಅನ್ನುವ ಹೆದರಿಕೆ. ಅವುಗಳಿಗೆ ಆಮೇಲೆ ಬರುತ್ತೇನೆ.

ಮೊದಲು ಮನೆಯ ಜಗಳ ಮುಗಿಸೋಣ. ನಿಮ್ಮ ಮಾತಿನ ಒಳಗೆ ಒಂದು ನಂಬಿಕೆ ಇದೆ. ನಮ್ಮ ಕಡೆ ಎಲ್ಲರೂ ಹೇಳುವಂಥದ್ದೇ: ಕರುಳಿನ ಸಂಬಂಧ, ಅದು ತಾನಾಗೇ ಎಳೀತದ. ಹಾಗಾಗಿ ಎಳೆಯದಿದ್ದರೆ ಯಾರೋ ಕತ್ತರಿಸಿರಬೇಕು ಅಂತ ಅನುಮಾನ, ಆ ಯಾರೋ ಯಾವಾಗಲೂ ಸೊಸೆ. ಹತ್ತೊಂಬತ್ತು ವರ್ಷದಿಂದ ಕಲಬುರಗಿಯಲ್ಲಿ ಮಕ್ಕಳ ಮತ್ತು ಕುಟುಂಬದ ಸಮಾಲೋಚನೆ ಮಾಡುತ್ತಿದ್ದೇನೆ. ಮಗುವಿಗೆ ರಕ್ತ ಗೊತ್ತಾಗುವುದಿಲ್ಲ, ದಿನಗಳು ಗೊತ್ತಾಗುತ್ತವೆ. ಬರೀ ಲೆಕ್ಕ ನೋಡಿ. ಊರಿಗೆ ವರ್ಷಕ್ಕೆ 6 ದಿನ, ಏಳು ವರ್ಷಕ್ಕೆ 42 ದಿನ. ಅದರಲ್ಲಿ ಮೊದಲ ಮೂರು ವರ್ಷದ್ದು ಅವಳ ನೆನಪಿನಲ್ಲೇ ಇಲ್ಲ, ಆ ವಯಸ್ಸಿನ ನೆನಪು ಸಾಮಾನ್ಯವಾಗಿ ಉಳಿಯುವುದಿಲ್ಲ. ಅಂದರೆ ಮಗಳ ಪಾಲಿಗೆ ನಿಮ್ಮ ಅವ್ವ ಒಟ್ಟು 24 ದಿನದ ಪರಿಚಯ. ಸೊಲ್ಲಾಪುರಕ್ಕೆ ತಿಂಗಳಿಗೆ ಎರಡು ದಿನ ಅಂತ ಹಿಡಿದರೂ ಒಂದೇ ವರ್ಷದಲ್ಲಿ 24 ಆಗುತ್ತದೆ. ನಿಮ್ಮ ಆಫೀಸಿನಲ್ಲಿ 24 ದಿನದ ಪರಿಚಯದವರು ನಿಮ್ಮನ್ನು ಎಳೆದು ತಬ್ಬಿಕೊಂಡರೆ ನೀವೂ ಕೊಸರಿಕೊಳ್ಳುತ್ತೀರಿ, ಅಲ್ವಾ?

ತಾಯಿಯ ತಾಯಿ ಜಾಸ್ತಿ ಹತ್ತಿರ ಆಗುವುದು ನಿಮ್ಮ ಮನೆಯ ವಿಶೇಷವೇನಲ್ಲ. ಬೇರೆ ಬೇರೆ ದೇಶಗಳಲ್ಲಿ ನೋಡಿದಾಗಲೂ ಇದೇ ಹೆಚ್ಚಾಗಿ ಕಂಡಿದೆ. ಮಕ್ಕಳನ್ನು ನೋಡಿಕೊಳ್ಳುವ ತಾಯಿ ತನ್ನ ತವರಿಗೆ ತಾನೇ ಫೋನು ಮಾಡುತ್ತಾಳೆ, ತಾನೇ ಹೋಗುತ್ತಾಳೆ, ಮಗು ಜೊತೆಗಿರುತ್ತದೆ. ನಿಮ್ಮ ಕಡೆಯ ಸೇತುವೆ ನೀವು. ನೀವು ಅವ್ವನಿಗೆ ಎಷ್ಟು ದಿನಕ್ಕೊಮ್ಮೆ ಫೋನು ಮಾಡುತ್ತೀರಿ, ಮಾತಾಡುವಾಗ ಮಗಳು ಪಕ್ಕದಲ್ಲಿ ಇರುತ್ತಾಳಾ ಅಂತ ಪತ್ರದಲ್ಲಿ ಇಲ್ಲ. ತಪ್ಪು ಹುಡುಕಲು ಕೇಳುತ್ತಿಲ್ಲ. ಹೆಂಡತಿಯನ್ನು ಬೈದರೆ ಅವರ ಮುಖ ಬಿಗಿಯುತ್ತದೆ, ಮಗಳು ಅದನ್ನೇ ಓದಿಕೊಳ್ಳುತ್ತಾಳೆ. ಆಯಿ ಅಂದರೆ ಅಪ್ಪ ಅಮ್ಮ ಜಗಳ ಆಡುವ ವಿಷಯ ಅಂತ.

ಈಗ ಆ ಹೆದರಿಕೆಯ ಮಾತು. ‘ಓದದಿದ್ದರೆ ಆಯಿ ಹತ್ತಿರ ಬಿಟ್ಟು ಬರ್ತೀನಿ.’ ಪೊಲೀಸರು ಹಿಡ್ಕೊಂಡು ಹೋಗ್ತಾರೆ, ಸೂಜಿ ಚುಚ್ಚಿಸ್ತೀನಿ ಅನ್ನುವ ಸಾಲಿಗೆ ನೀವು ಅವ್ವನನ್ನೂ ಸೇರಿಸಿಬಿಟ್ಟಿದ್ದೀರಿ. ಸುಮ್ನೆ ಅಂದದ್ದು ಅಂತ ನಿಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಈ ಒಂದು ಮಾತು ಇವತ್ತೇ ನಿಲ್ಲಲಿ. ಅದರ ಮೇಲೆ ಬೇಸಿಗೆಗೆ ನಿಜಕ್ಕೂ ಬಿಟ್ಟು ಬಂದರೆ ಶಿಕ್ಷೆ ಜಾರಿಯಾಯಿತು ಅಂತಲೇ ಅವಳು ತಿಳಿದುಕೊಳ್ಳುತ್ತಾಳೆ.

ಇನ್ನು ಕಿವಿ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಟಿವಿ ಜೋರು, ಫೋನಲ್ಲಿ ಬರೀ ಹ್ಞೂಂ, ವಯಸ್ಸು 68. ನಿಮ್ಮ ಅವ್ವನ ಕಿವಿ ಮಂದ ಆಗಿರಬಹುದು. ಪತ್ರ ಓದಿ ಖಚಿತವಾಗಿ ಹೇಳಲಾಗದು, ಪರೀಕ್ಷೆಯೇ ಆಗಬೇಕು. ಆದರೆ ವಯಸ್ಸಿನ ಕಿವುಡು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ನಿಮ್ಮ ಮನೆಯ ಅರ್ಧ ಕಥೆ ಅದರಲ್ಲೇ ಕಾಣುತ್ತದೆ. ವಯಸ್ಸಾದಂತೆ ಕಿವಿ ಎಲ್ಲ ಸದ್ದನ್ನೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ. ತೆಳು, ಏರು ದನಿಯ ಸದ್ದು ಮೊದಲು ಹೋಗುತ್ತದೆ. ಟ್ರ್ಯಾಕ್ಟರು, ಗಂಡಸರ ದಪ್ಪ ದನಿ ಚೆನ್ನಾಗೇ ಕೇಳುತ್ತಿರುತ್ತದೆ. ಹಾಗಾಗಿ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಸ, ಶ, ತ, ಕದಂಥ ಅಕ್ಷರಗಳ ಸದ್ದು ಮಸುಕಾಗುತ್ತದೆ. ಮನೆಯಲ್ಲಿ ಅತಿ ತೆಳು ದನಿ ಯಾರದು? ಮೊಮ್ಮಕ್ಕಳದು. ಮೇಲಾಗಿ ಅವರು ಓಡುತ್ತಾ, ಆ ಕಡೆ ತಿರುಗಿ, ಗಡಿಬಿಡಿಯಲ್ಲಿ ಮಾತಾಡುತ್ತಾರೆ. ಹಿರಿಯರು ಇದನ್ನು ಚೆನ್ನಾಗಿ ಹೇಳುತ್ತಾರೆ: ‘ಕೇಳ್ತದ, ತಿಳಿಯಂಗಿಲ್ಲ.’

ನನ್ನ ಹತ್ತಿರ ಬಂದಿದ್ದ ಒಬ್ಬ ಮುತ್ಯಾ (ಅಜ್ಜ) ಅವರದೂ ಇದೇ. ಸೇಡಂ ಕಡೆಯವರು. ಒಂಬತ್ತು ವರ್ಷದ ಮೊಮ್ಮಗನಿಗೆ ಸೊಕ್ಕು ಬಂದದ, ನನ್ನ ಕೂಡ ಮಾತಾಡಂಗಿಲ್ಲ ಅಂತ ದೂರು. ಹುಡುಗನನ್ನು ಹೊರಗೆ ಕೂರಿಸಿ ಕೇಳಿದೆ. ಅವನಂದ: ‘ಮುತ್ಯಾಗ ಏನ್ ಹೇಳಿದ್ರೂ ನಗತಾನ್ರೀ. ನನ್ನ ಸೈಕಲ್ ಕಳೀತು ಅಂತ ಹೇಳಿದ್ರೂ ನಕ್ಕ.’ ಕೇಳದೇ ಇದ್ದಾಗ ಮುತ್ಯಾ ನಗುತ್ತಿದ್ದರು, ಮರ್ಯಾದೆ ಉಳಿಸಿಕೊಳ್ಳಲು. ಸೈಕಲ್ ಕಳೆದ ದುಃಖಕ್ಕೆ ನಕ್ಕವರ ಹತ್ತಿರ ಯಾವ ಹುಡುಗ ಹೋಗುತ್ತಾನೆ? ನಿಮ್ಮ ಅವ್ವ ಮಗಳನ್ನು ಎಳೆದು ತೊಡೆ ಮೇಲೆ ಕೂರಿಸಿಕೊಂಡದ್ದರಲ್ಲೂ ನನಗೆ ಇದರ ಸುಳಿವು ಕಾಣುತ್ತದೆ. ದೂರ ನಿಂತರೆ ಮಾತು ತಿಳಿಯದವರು ಹತ್ತಿರ ಎಳೆದುಕೊಳ್ಳುತ್ತಾರೆ.

ಆಳಂದದಿಂದ ಕಲಬುರಗಿಗೆ ಒಂದು ಬೆಳಿಗ್ಗೆಯ ಕೆಲಸ. ಸರ್ಕಾರಿ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆಯೇ ಕಾರಣ ಆಗಿರುತ್ತದೆ, ಅವತ್ತೇ ತೆಗೆದು ಕಳಿಸುತ್ತಾರೆ. ಮನೆಯಲ್ಲಿ ಎಣ್ಣೆ ಬಿಟ್ಟು ಕಡ್ಡಿ ಹಾಕುವುದು ಬೇಡ. ಕಿವಿಯ ಯಂತ್ರ ಬೇಕು ಅಂದರೆ ಬೆಲೆಯ ಚಿಂತೆ ಬರುತ್ತದೆ. ಬಿಪಿಎಲ್ ಕಾರ್ಡಿನ, 60 ದಾಟಿದವರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಅದರಲ್ಲಿ ಕಿವಿಯ ಯಂತ್ರ, ಕನ್ನಡಕ, ಕೋಲು ಉಚಿತ, ಶಿಬಿರಗಳಲ್ಲಿ ಕೊಡುತ್ತಾರೆ. ಒಂದು ಎಚ್ಚರಿಕೆ. ಯಂತ್ರ ಹಾಕಿದ ಮೊದಲ ವಾರಗಳಲ್ಲಿ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಎಲ್ಲ ಕಿರಿಕಿರಿ. ‘ಗದ್ದಲ ಆಗ್ತದ’ ಅಂತ ಡಬ್ಬಿಗೆ ಹಾಕಿ ಟ್ರಂಕಿನಲ್ಲಿ ಇಟ್ಟುಬಿಡುತ್ತಾರೆ. ದಿನಕ್ಕೆ ಒಂದು ತಾಸಿನಿಂದ ಶುರುಮಾಡಿ ನಿಧಾನ ಏರಿಸಬೇಕು. ಪರೀಕ್ಷೆ ಆಗುವವರೆಗೆ ಮಗಳಿಗೆ ಒಂದೇ ಮಾತು ಕಲಿಸಿ: ಆಯಿಯ ಎದುರು ಬಂದು, ಮುಖ ಕಾಣುವ ಹಾಗೆ ನಿಂತು, ನಿಧಾನ ಹೇಳು. ಚೀರಬೇಕಿಲ್ಲ. ಚೀರಿದರೆ ದನಿ ಇನ್ನೂ ತೆಳುವಾಗುತ್ತದೆ.

ಮುದ್ದಿನ ವಿಷಯಕ್ಕೆ ಬರೋಣ. ವಾಸನೆ ಅಂತ ಮಗಳು ಹೇಳಿದ್ದು ಬಹುಶಃ ತಂಬಾಕಿನದು, ಎಲೆ-ಅಡಿಕೆ ಹಾಕುವ ಮನೆಗಳಲ್ಲಿ ಇದು ದಿನದ ಮಾತು. ಅವಳು ಹೇಳಿದ ರೀತಿ ಒರಟು, ಹೇಳಿದ್ದು ನಿಜ. ಎರಡನ್ನೂ ಬೇರೆ ಮಾಡಿ. ‘ಎಲ್ಲರ ಮುಂದೆ ಹಾಗೆ ಕೂಗಿದ್ದಕ್ಕೆ ಆಯಿಗೆ ನೋವಾಯಿತು. ಬೇಡ ಅನ್ನಿಸಿದರೆ ಮೆಲ್ಲಗೆ ನನಗೆ ಹೇಳು’ ಅಂದರೆ ಸಾಕು. ಅವ್ವನಿಗೆ ನೀವೊಬ್ಬರೇ ಇದ್ದಾಗ, ಮಗನಾಗಿ ಹೇಳಿ: ‘ಅಕೀ ಹತ್ರ ಬರೂ ಮುಂದ ಸ್ವಲ್ಪ ಬಾಯಿ ಮುಕ್ಕಳಿಸು ಬೇ.’ ಸೊಸೆಯ ಬಾಯಲ್ಲಿ ಇದೇ ಮಾತು ಬಂದರೆ ಬೇರೆ ಅರ್ಥ ಆಗುತ್ತದೆ, ನಿಮಗೆ ಗೊತ್ತೇ ಇದೆ. ತಂಬಾಕು ಬಿಟ್ಟರೆ ಅವರ ಬಾಯಿಗೂ ಒಳ್ಳೆಯದೇ. ಆದರೆ ಮೊಮ್ಮಗಳ ನೆಪದಲ್ಲಿ ಅದನ್ನು ಹೇರಬೇಡಿ.

ನಮ್ಮ ಮನೆಗಳಲ್ಲಿ ಮರ್ಯಾದೆ ಮತ್ತು ಮುದ್ದು ಒಂದೇ ಗಂಟಿನಲ್ಲಿವೆ. ಬಿಚ್ಚಿಡುವುದು ಒಳ್ಳೆಯದು. ಊರಿಗೆ ಹೋದ ತಕ್ಷಣ ಆಯಿಗೆ ನಮಸ್ಕಾರ ಮಾಡುವುದು, ನೀರು ಕೊಡುವುದು, ಮಾತಾಡಿಸಿದರೆ ಉತ್ತರ ಕೊಡುವುದು ಮರ್ಯಾದೆ. ಅದನ್ನು ಕೇಳುವ ಹಕ್ಕು ನಿಮಗಿದೆ. ತೊಡೆ ಮೇಲೆ ಕೂರುವುದು, ಕೆನ್ನೆ ಕೊಡುವುದು ಅವಳಿಗೆ ಬಿಟ್ಟದ್ದು. ಶಾಲೆಯಲ್ಲಿ ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶ ಅಂತ ಹೇಳಿಕೊಟ್ಟಿರುತ್ತಾರೆ, ಬೇಡ ಅನ್ನಿಸಿದರೆ ಬೇಡ ಅನ್ನು ಅಂತ. ಮನೆಗೆ ಬಂದು ಬೇಡ ಅಂದರೆ ನಾವೇ ಗದರಿಸಿದರೆ ಅವಳು ಯಾವುದನ್ನು ನಂಬಬೇಕು? ನಿಮ್ಮ ಮನೆಯದಲ್ಲದ ಒಂದು ಮಾತನ್ನೂ ಇಲ್ಲಿ ಸೇರಿಸುತ್ತೇನೆ, ಬೇರೆಯವರೂ ಓದುತ್ತಾರೆ. ಮೊದಲು ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಒಬ್ಬ ಹಿರಿಯರ ಹತ್ತಿರ ಮಾತ್ರ ಹೋಗಲು ಹೆದರಿದರೆ ಅದನ್ನು ನಾಚಿಕೆ ಅಂತ ತಳ್ಳಿಹಾಕಬೇಡಿ. ಒಬ್ಬಳೇ ಇದ್ದಾಗ ಕೂತು ಕೇಳಿ. ಸಹಾಯ ಬೇಕಾದರೆ 1098ಕ್ಕೆ ಕರೆ ಮಾಡಬಹುದು.

ಭಾಷೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಮಗಳು ಕೂಗಿದ್ದು ಹಿಂದಿಯಲ್ಲಿ. ಮನೆಯಲ್ಲಿ ಕನ್ನಡ ಕೇಳಿ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವ ಮಕ್ಕಳು ಪುಣೆ, ಹೈದರಾಬಾದ್ ಕಡೆಯಿಂದ ನನ್ನ ಹತ್ತಿರ ಬಹಳ ಬರುತ್ತಾರೆ. ಎರಡು ಮೂರು ಭಾಷೆ ಹಾಕಿದರೆ ಮಗುವಿಗೆ ಗೊಂದಲ ಆಗುತ್ತದೆ, ಮಾತು ತಡ ಆಗುತ್ತದೆ ಅನ್ನುವುದು ಸುಳ್ಳು. ಹಳೇ ಗುಲಬರ್ಗಾದ ಓಣಿಗಳಲ್ಲಿ ಮಕ್ಕಳು ಕನ್ನಡ, ದಖನಿ ಉರ್ದು ಎರಡನ್ನೂ ಗೋಲಿ ಆಡುತ್ತಲೇ ಕಲಿತದ್ದು. ಮಗುವಿಗೆ ಬೇಕಾದದ್ದು ಆ ಭಾಷೆ ಆಡಲೇಬೇಕಾದ ಒಬ್ಬ ಮನುಷ್ಯ. ಪುಣೆಯಲ್ಲಿ ಕನ್ನಡ ಇಲ್ಲದಿದ್ದರೂ ನಡೆಯುತ್ತದೆ. ಆಯಿ ಹತ್ತಿರ ನಡೆಯುವುದಿಲ್ಲ. ಅವಳ ತಪ್ಪು ತಿದ್ದಬೇಡಿ, ನಡುವೆ ಕೂತು ತರ್ಜುಮೆಯನ್ನೂ ಮಾಡಬೇಡಿ. ತರ್ಜುಮೆ ಮಾಡುವವರು ಇದ್ದರೆ ಇಬ್ಬರೂ ನಿಮ್ಮ ಮುಖ ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಹತ್ತಿರ ಆಗುವುದು ಹೇಗೆ ಹಾಗಾದರೆ? ಎದುರುಬದುರು ಕೂರಿಸಿ ‘ಆಯಿ ಕೂಡ ಮಾತಾಡು’ ಅಂದರೆ ಯಾವ ಮಗುವೂ ಮಾತಾಡುವುದಿಲ್ಲ. ದೊಡ್ಡವರಿಗೂ ಕಷ್ಟ. ಇಬ್ಬರ ಕೈಗೂ ಒಂದೇ ಕೆಲಸ ಕೊಡಿ, ಕಣ್ಣು ಕೆಲಸದ ಮೇಲೆ ಇರಲಿ. ಮಾತು ಪಕ್ಕದಿಂದ ಬರುತ್ತದೆ. ನಿಮ್ಮ ಊರಲ್ಲಿ ಅದಕ್ಕೆ ಬರ ಇಲ್ಲ. ಮೊರದಲ್ಲಿ ತೊಗರಿ ಹಸನು ಮಾಡುವುದು. ಬುಟ್ಟಿಗೆ ಶೇಂಗಾ ಸುಲಿಯುವುದು. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಪುಟ್ಟ ಉಂಡೆ ಕೊಟ್ಟರೆ ಅವಳದು ಮಹಾರಾಷ್ಟ್ರದ ನಕಾಶೆ ಆಗುತ್ತದೆ, ಆಗಲಿ. ಹಂಚಿಗೆ ಹಾಕಿ, ಸುಟ್ಟು, ಅದನ್ನೇ ಆಯಿ ತಿನ್ನಬೇಕು.

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆ ಕೌದಿ, ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಹೊದಿಕೆ. ನಿಮ್ಮ ಅವ್ವ ಈಗಲೂ ಹೊಲಿಯುತ್ತಾರಾ? ಹೊಲಿಯದಿದ್ದರೂ ಹಳೆಯದೊಂದು ಮನೆಯಲ್ಲಿ ಇದ್ದೇ ಇರುತ್ತದೆ. ಮುಂದಿನ ಸಲ ಹೋಗುವಾಗ ಮಗಳಿಗೆ ಸಣ್ಣದಾದ ಒಂದು ಫ್ರಾಕು, ನಿಮ್ಮ ಹಳೇ ಅಂಗಿ, ಹೆಂಡತಿಯ ಒಂದು ಹತ್ತಿ ಸೀರೆ ತೆಗೆದುಕೊಂಡು ಹೋಗಿ. ಪಡಸಾಲೆಯ ಫರ್ಸಿಯ ಮೇಲೆ ಸೀರೆ ಹಾಸಿ, ತುಂಡುಗಳನ್ನು ಎಲ್ಲೆಲ್ಲಿ ಇಡಬೇಕು ಅಂತ ಮಗಳು ಹೇಳಲಿ. ಸೂಜಿ ಆಯಿಯದು, ದಾರ ಪೋಣಿಸುವ ಕೆಲಸ ಮಗಳದು. ಆಯಿಯ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ, ಏಳು ವರ್ಷದವಳಿಗೆ ಕಾಣುತ್ತದೆ. ಇದು ಸುಮ್ನೆ ಆಟ ಅಲ್ಲ, ನಿಜಕ್ಕೂ ಅವಳಿಲ್ಲದೆ ಹೊಲಿಗೆ ಮುಂದೆ ಹೋಗುವುದಿಲ್ಲ. ಮಕ್ಕಳಿಗೆ ಆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಹಳೇ ಕೌದಿಯ ಮೇಲೆ ಬೆರಳಿಟ್ಟು ಇದು ಯಾರದು ಅಂತ ಅವಳು ಕೇಳಿದಾಗ ‘ನಿಮ್ಮ ಮುತ್ಯಾಂದು ಧೋತರ’, ‘ನಿಮ್ಮಪ್ಪ ಮರ ಏರಿ ಹರಕೊಂಡ ಬಂದ ಅಂಗಿ’ ಅಂತ ಕಥೆ ಹೊರಗೆ ಬರುತ್ತದೆ. ಅಪ್ಪ ಮರದಿಂದ ಬಿದ್ದ ಕಥೆಗಿಂತ ದೊಡ್ಡ ಕಥೆ ಮಗಳಿಗೆ ಬೇರೆ ಇಲ್ಲ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಇಂಥದ್ದನ್ನೇ ಅಳೆದು ನೋಡಿದವರು. ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಅಪ್ಪ ಅಮ್ಮ ಹೇಗೆ ಭೇಟಿಯಾದರು ಎಂಬಂಥ 20 ಪ್ರಶ್ನೆ ಮಕ್ಕಳಿಗೆ ಕೇಳಿದರು. ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ನಂಬಿಕೆಯೂ ಹೆಚ್ಚಿತ್ತು. ಹಾಗಂತ 20 ಪ್ರಶ್ನೆ ಬಾಯಿಪಾಠ ಮಾಡಿಸಿದರೆ ಏನೂ ಆಗದು ಅಂತ ಡ್ಯೂಕ್ ಅವರೇ ಹೇಳಿದ್ದಾರೆ. ಕಥೆ ಕೇಳುತ್ತಾ ಕೂತ ಹೊತ್ತು ಇದೆಯಲ್ಲ, ಕೆಲಸ ಮಾಡುವುದು ಅದು.

ಫೋನು: ದಿನ, ಹೊತ್ತು ಗೊತ್ತು ಮಾಡಿಕೊಳ್ಳಿ. ಬುಧವಾರ, ಭಾನುವಾರ ಸಂಜೆ ಏಳಕ್ಕೆ, ಎಂಟು-ಹತ್ತು ನಿಮಿಷ. ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿಡಿ, ಎಲ್ಲರೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಆಯಿಗೆ ಹಣೆ ಮಾತ್ರ ಕಾಣುತ್ತದೆ. ಮಗಳ ಕೈಯಲ್ಲಿ ತೋರಿಸಲು ಒಂದು ವಸ್ತು ಇರಲಿ. ಏಳು ವರ್ಷ ಅಂದರೆ ಹಾಲುಹಲ್ಲು ಬೀಳುವ ಕಾಲ. ಅಲುಗಾಡುವ ಹಲ್ಲು ತೋರಿಸಲಿ. ಬಿದ್ದರೆ ಕಾಗದದಲ್ಲಿ ಕಟ್ಟಿಡಿ, ಊರಿಗೆ ಒಯ್ದು ಆಯಿಯ ಕೈಯಲ್ಲೇ ಸಗಣಿ ಉಂಡೆಯಲ್ಲಿಟ್ಟು ಮಾಳಿಗೆ ಮೇಲೆ ಎಸೆಸಿ. ಫೋನು ಎಷ್ಟು ಸಲ ಮಾಡಿದರೂ ಅದು ಭೇಟಿಯ ನೆನಪನ್ನು ಆರದಂತೆ ಇಡುತ್ತದೆ ಅಷ್ಟೆ. ಭೇಟಿಯೇ ಇಲ್ಲದಿದ್ದರೆ ಉಪಯೋಗ ಕಡಿಮೆ.

ಈಗ ನಿಮ್ಮ ಎರಡು ಪ್ರಶ್ನೆ. ಬೇಸಿಗೆಯಲ್ಲಿ ಒಂದು ತಿಂಗಳು ಒಬ್ಬಳನ್ನೇ ಬಿಡುವುದು: ಈ ವರ್ಷ ಬೇಡ. ಪರಿಚಯವೇ ಇಲ್ಲದ ಕಡೆ, ಶಿಕ್ಷೆಯ ನೆನಪಿನ ಜೊತೆ, ಮೇ ತಿಂಗಳಲ್ಲಿ. ನಮ್ಮ ಬಿಸಿಲು 42 ಡಿಗ್ರಿ ದಾಟುತ್ತದೆ. ಪುಣೆಯ ಗಾಳಿಗೆ ಬೆಳೆದ ಮಗುವಿಗೆ ಮೊದಲ ವಾರವೇ ಜ್ವರ ಬಂದರೆ ಅವ್ವನಿಗೂ ಗಾಬರಿ, ನಿಮ್ಮ ಮನೆಯಲ್ಲಿ ಹಳೇ ಜಗಳ ಹೊಸದಾಗಿ. ದೀಪಾವಳಿ ರಜೆ ಒಳ್ಳೆಯದು, ಹೊಲ ಹಸಿರಾಗಿರುತ್ತದೆ, ಹವೆ ತಂಪು. ಆಗಲೂ ಮೊದಲ ಎರಡು ಮೂರು ರಾತ್ರಿ ನಿಮ್ಮಲ್ಲಿ ಒಬ್ಬರು ಜೊತೆಗಿದ್ದು, ಆಮೇಲೆ ನಾಲ್ಕು ದಿನ ಬಿಟ್ಟು ನೋಡಿ. ಬಿಡುವ ಮುಂಚೆ ಮನೆ ಸುತ್ತ ಒಮ್ಮೆ ಮಗುವಿನ ಎತ್ತರದಿಂದ ನೋಡಿ. ಬಾವಿಗೆ ಕಟ್ಟೆ ಇದೆಯಾ, ಕೃಷಿ ಹೊಂಡಕ್ಕೆ ಬೇಲಿ ಇದೆಯಾ. ಸಕ್ಕರೆ ಕಾಯಿಲೆಯ, ಬಿಪಿಯ ಮಾತ್ರೆಗಳು ದೇವರ ಗೂಡಿನಲ್ಲೋ ದಿಂಬಿನ ಕೆಳಗೋ ಇದ್ದರೆ ಮೇಲಿನ ಕಪಾಟಿಗೆ ಹೋಗಲಿ. ಸಕ್ಕರೆಯ ಕೆಲವು ಮಾತ್ರೆ ಒಂದೇ ಒಂದು ನುಂಗಿದರೂ ಸಣ್ಣ ಮಕ್ಕಳ ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಮತ್ತೆ, ಅವ್ವನಿಗೆ ಆಗುತ್ತದಾ ಅಂತ ಅವ್ವನನ್ನೇ ಕೇಳಿ. ಮೊಣಕಾಲು ನೋವಿದ್ದರೂ ಮಗನ ಮುಂದೆ ಇಲ್ಲ ಅನ್ನುವುದಿಲ್ಲ ನಮ್ಮ ಹೆಂಗಸರು.

ಅವ್ವನನ್ನು ಪುಣೆಗೆ ಕರೆತರುವುದು: ಕರೆಯಿರಿ, ಆದರೆ ನೆಂಟರ ಹಾಗೆ. ತೊಗರಿ ರಾಶಿ ಮುಗಿದ ಮೇಲೆ ಫೆಬ್ರುವರಿಯಲ್ಲಿ ಹದಿನೈದು ದಿನ. ಪೂರ್ತಿ ಕರೆತಂದು ಇರಿಸಿಕೊಳ್ಳುವುದನ್ನು ಮೊಮ್ಮಗಳ ನೆಪದಲ್ಲಿ ನಿರ್ಧರಿಸಬೇಡಿ. ಊರಲ್ಲಿ ಅವರಿಗೆ ಕಟ್ಟೆ ಇದೆ, ಮಾತಾಡುವ ಹೆಂಗಸರಿದ್ದಾರೆ, ಹೊಲ ಇದೆ. ಪುಣೆಯ ಮನೆಯಲ್ಲಿ ನೀವೆಲ್ಲ ಹೊರಗೆ ಹೋದ ಮೇಲೆ ಬರೀ ಗೋಡೆ ಇದೆ. ಇನ್ನೊಂದು ಅಪಾಯ ನಾನು ಪದೇ ಪದೇ ನೋಡುವುದು. ಆಯಿ ಬಂದ ತಿಂಗಳಲ್ಲೇ ಆಯಾ ಆಗಿಬಿಡುತ್ತಾಳೆ. ಶಾಲೆಯಿಂದ ಕರೆತರುವುದು, ತಿನ್ನಿಸುವುದು, ಹೋಂವರ್ಕಿಗೆ ಕೂರಿಸುವುದು. ಆಗ ಮಗುವಿಗೆ ಆಯಿ ಅಂದರೆ ಬೈಯುವ ಇನ್ನೊಬ್ಬರು. ಹದಿನೈದು ದಿನವೂ ದಿನಕ್ಕೊಂದು ಹೊತ್ತು ಅವರಿಬ್ಬರದೇ ಇರಲಿ, ಬಾಕಿ ಕೆಲಸ ನಿಮ್ಮದು.

ನೀವು ಬರೆಯದ ಮೂರನೇ ದಾರಿಯೇ ನನಗೆ ಎಲ್ಲಕ್ಕಿಂತ ಸರಿ ಅನ್ನಿಸುತ್ತದೆ. ತಿಂಗಳಿಗೊಮ್ಮೆ ಸೊಲ್ಲಾಪುರಕ್ಕೆ ಹೋಗುತ್ತೀರಿ. ಅಲ್ಲಿಂದ ಅಕ್ಕಲಕೋಟೆ ಮೇಲೆ ಆಳಂದಕ್ಕೆ ಎರಡು ತಾಸಿನ ಆಸುಪಾಸು. ಮೂರು ಸಲದಲ್ಲಿ ಒಂದು ಸಲ ಮುಂದೆ ಬನ್ನಿ, ಒಂದು ರಾತ್ರಿ ಇದ್ದು ಹೋಗಿ. ಹಬ್ಬ ಇಲ್ಲದ ದಿನವೇ ಬನ್ನಿ. ಹಬ್ಬದ ದಿನ ಆಯಿ ಒಲೆ ಮುಂದೆ, ಮನೆ ತುಂಬ ಜನ, ಮಗು ಮೂಲೆಯಲ್ಲಿ. ಏನೂ ಇಲ್ಲದ ಶನಿವಾರ ಆಯಿಗೂ ಬಿಡುವು, ಮಗಳಿಗೂ ಬೇಜಾರು. ಆ ಬೇಜಾರಿನಲ್ಲೇ ಅವಳು ಎದ್ದು ಆಯಿ ಏನು ಮಾಡ್ತಿದ್ದಾಳೆ ಅಂತ ನೋಡಲು ಹೋಗುವುದು. ಸಾಧ್ಯವಾದರೆ ಸೊಲ್ಲಾಪುರದ ಅಜ್ಜಿಯನ್ನೂ ಒಮ್ಮೆ ಜೊತೆಗೆ ಕರೆತನ್ನಿ. ಮಗಳು ನಂಬಿದ ಅಜ್ಜಿ ನಿಮ್ಮ ಅವ್ವನ ಪಕ್ಕ ಕೂತು ನಕ್ಕು ಮಾತಾಡಿದರೆ ನೀವು ಹೇಳಬೇಕಾದ್ದು ಏನೂ ಉಳಿಯುವುದಿಲ್ಲ. ಗಡಿಯ ಊರಿನವರು, ಇಬ್ಬರಿಗೂ ಮರಾಠಿ-ಕನ್ನಡ ಎರಡೂ ನಡೆಯುತ್ತಿರಬೇಕು.

ಅವ್ವನಿಗೆ ಇವತ್ತು ರಾತ್ರಿ ಫೋನು ಮಾಡಿ. ‘ಅಕೀಗಿ ನೀ ಬ್ಯಾಡಾಗಿಲ್ಲ ಬೇ, ಅಕೀಗಿ ನೀ ಇನ್ನಾ ಗುರ್ತೇ ಆಗಿಲ್ಲ’ ಅನ್ನಿ. ಜೋರಾಗಿ ಅಲ್ಲ, ನಿಧಾನವಾಗಿ. ಮುಂದಿನ ಸಲ ಮಗಳು ಬಂದಾಗ ಎಳೆದುಕೊಳ್ಳದೆ ಮೊರ ಹಿಡಿದು ಕೂತಿರಲಿ, ಪಕ್ಕದಲ್ಲಿ ಒಂದು ಮಣೆ ಖಾಲಿ ಇಟ್ಟುಕೊಂಡು. ಮೊದಲ ದಿನ ಬರದೇ ಇರಬಹುದು. ಕಿವಿಯ ಪರೀಕ್ಷೆಯ ಚೀಟಿ ಕೈಗೆ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ. ಆ ಪತ್ರವನ್ನು ನೀವೂ ನಿಮ್ಮ ಹೆಂಡತಿಯೂ ಕೂತು ಬರೆದರೆ ನನಗೆ ಉತ್ತರ ಕೊಡಲು ಸುಲಭ.